ಕುರಿ ಕಾಯೋನು ಕವಿಯಾದ, ಕಟ್ಟಿಕೊಂಡೋಳು ಏನಾದಳು?



ನಮ್ಮ ಗೆಂಡೆಹಳ್ಳಿ ಕಡೆ, ಬೇಲೂರು, ಹಳೇಬೀಡು, ಅರಸೀಕೆರೆ ಸೀಮೆಯಲ್ಲಿ ಸುಗ್ಗಿ ಕಳೆದ ಮೇಲೆ ನಾಟಕದ ಕಾಲ. ಹೆಚ್ಚಿನ ಊರುಗಳಲ್ಲಿ ಕುರುಕ್ಷೇತ್ರ. ಅದನ್ನ ಬಿಟ್ಟರೆ ಜನ ಬೆಳಗಿನ ಜಾವದ ತನಕ ಚಾಪೆ ಮೇಲೆ ಕೂತು ನೋಡೋ ಕಥೆಗಳಲ್ಲಿ ಕವಿ ಕಾಳಿದಾಸನದೂ ಒಂದು. ಮಾರನೇ ದಿನ ಟೀ ಅಂಗಡಿ ಮುಂದೆ, ತೋಟದ ಕೆಲಸದಲ್ಲಿ, ನಲ್ಲಿ ಹತ್ತಿರ ಜನ ಆಡೋ ಮಾತೇ ನಾಟಕದ ನಿಜವಾದ ವಿಮರ್ಶೆ. ಪೇಪರಿನಲ್ಲಿ ಬರೋದು ಉದ್ಘಾಟನೆ ಮಾಡಿದೋರ ಹೆಸರು ಮಾತ್ರ. ಆದ್ದರಿಂದ ಜನರ ಆ ಮಾತುಗಳನ್ನೇ ಎತ್ತಿಕೊಂಡು ನಾವು ಬರೀತಾ ಇದ್ದೀವಿ. ಮೇಲ್ನೋಟಕ್ಕೆ ಇದು ಒಬ್ಬ ಕವಿಯ ಕೆಟ್ಟ ಸಂಸಾರದ ಕಥೆ. ಒಳಗಡೆ ನೋಡಿದರೆ ಅಕ್ಷರ ಯಾರ ಸ್ವತ್ತು, ಅಕ್ಷರ ಇಲ್ಲದೋನಿಗೆ ಮಾನ ಉಂಟೋ ಇಲ್ವೋ, ಹೆಂಗಸಿನ ಮಾನ ಯಾರ ಕೈಲಿದೆ ಅನ್ನೋ ಪ್ರಶ್ನೆಗಳ ಕಥೆ.

ಕಥೆ ಎಲ್ಲರಿಗೂ ಗೊತ್ತಿರೋದೇ. ಒಬ್ಬ ರಾಜಕುಮಾರಿ. ವಿದ್ಯಾಧರೆ ಅಂತಲೋ, ವಿದ್ಯೋತ್ತಮೆ ಅಂತಲೋ ಹೆಸರು. ವಾದದಲ್ಲಿ ನನ್ನನ್ನ ಗೆದ್ದೋನನ್ನೇ ಮದುವೆ ಆಗ್ತೀನಿ ಅಂತಾಳೆ. ಬಂದ ಪಂಡಿತರೆಲ್ಲ ಸೋಲ್ತಾರೆ. ಹೆಣ್ಣಿನ ಎದುರು ಸೋತ ಅವಮಾನ ತೀರಿಸಿಕೊಳ್ಳೋಕೆ ಒಬ್ಬ ದಡ್ಡನನ್ನ ಹುಡುಕ್ತಾರೆ. ಕೂತ ಕೊಂಬೆಯನ್ನೇ ಕಡೀತಾ ಇದ್ದ ಕುರುಬರ ಹುಡುಗ ಸಿಕ್ತಾನೆ. ಅವನಿಗೆ ಪೀತಾಂಬರ ಉಡಿಸಿ, ಬಾಯಿ ಬಿಡಬೇಡ ಅಂತ ಹೇಳಿ, ಮೌನವ್ರತದ ಮಹಾಪಂಡಿತ ಅಂತ ಅರಮನೆಗೆ ಕರ್ಕೊಂಡು ಹೋಗ್ತಾರೆ. ಕೈಸನ್ನೆಯ ವಾದ ನಡೆದು ಮದುವೆ ಆಗುತ್ತೆ. ಮೊದಲ ರಾತ್ರಿ ಗುಟ್ಟು ರಟ್ಟಾಗುತ್ತೆ. ಅವಳು ಅವನನ್ನ ಹೊರಗೆ ಹಾಕ್ತಾಳೆ. ಅವನು ಕಾಳಿ ಗುಡಿಗೆ ಹೋಗಿ ಬೀಳ್ತಾನೆ. ದೇವಿ ಅವನ ನಾಲಗೆ ಮೇಲೆ ಬರೀತಾಳೆ. ಕುರಿಗಾಹಿ ಮಹಾಕವಿ ಆಗ್ತಾನೆ. ಕೆಲವು ಕಡೆ ಆಡೋ ನಾಟಕದಲ್ಲಿ ವರ ಸಿಕ್ಕ ಮೇಲೆ ಅವನಿಗೆ ಹಿಂದಿನದೆಲ್ಲ ಮರೆತು, ಕಟ್ಟಿಕೊಂಡ ಹೆಂಡತಿಯ ಗುರುತೂ ಇರೋದಿಲ್ಲ.

ಈ ಕಥೆಯನ್ನ ಮನೆಮನೆಗೆ ಮುಟ್ಟಿಸಿದ್ದು ಸಿನಿಮಾ. 1955ರಲ್ಲಿ ಹೊನ್ನಪ್ಪ ಭಾಗವತರ್ ಅವರ 'ಮಹಾಕವಿ ಕಾಳಿದಾಸ' ಬಂತು. ಬಿ. ಸರೋಜಾದೇವಿಯವರ ಮೊದಲ ಚಿತ್ರ ಅದು. 1983ರಲ್ಲಿ ರಾಜ್‌ಕುಮಾರ್, ಜಯಪ್ರದಾ ಮಾಡಿದ 'ಕವಿರತ್ನ ಕಾಳಿದಾಸ' ಬಂತು. ಅದನ್ನ ನೋಡದ ಹಳ್ಳಿ ಇರಲಿಲ್ಲ ಅಂತ ಹೇಳಬಹುದು. ಇವತ್ತಿಗೂ ಊರ ನಾಟಕದಲ್ಲಿ ಕಾಳಿದಾಸನ ವೇಷ ಹಾಕೋನು ರಾಜಣ್ಣನ ಹಾಗೇ ನಗಬೇಕು, ಹಾಗೇ ಕಂಬಳಿ ಹೊದೀಬೇಕು, ಇಲ್ಲದಿದ್ರೆ ಜನ ಒಪ್ಪೋದಿಲ್ಲ.

ಈಗ ಜನರ ಮಾತಿಗೆ ಬರೋಣ. ನಮ್ಮ ಕಿವಿಗೆ ಬಿದ್ದ ಮಾತುಗಳಲ್ಲಿ ನಾಲ್ಕು ಬಗೆ ಇದಾವೆ.

ಮೊದಲನೇದು ಗಂಡಸರ ಬಾಯಲ್ಲಿ ಹೆಚ್ಚು. "ಆ ಹೆಂಗಸಿಗೆ ಕೊಬ್ಬು. ಓದಿದೀನಿ ಅಂತ ಮೆರೆದಳು. ತಕ್ಕ ಶಾಸ್ತಿ ಆಯ್ತು." ಎರಡನೇದು ಸ್ವಲ್ಪ ಓದಿದೋರ ಮಾತು. "ಅವಳು ಹೊರಗೆ ಹಾಕದೇ ಹೋಗಿದ್ರೆ ಅವನು ಕವಿ ಆಗ್ತಾ ಇರಲಿಲ್ಲ. ಹೆಂಡತಿಯೇ ಗುರು." ಮೂರನೇದು ದೇವರ ಮೇಲೆ ಭಾರ ಹಾಕೋರದು. "ಹಣೇಲಿ ಬರೆದಿತ್ತು, ತಾಯಿ ಕೊಟ್ಟಳು." ನಾಲ್ಕನೇ ಮಾತು ಮೆಲ್ಲಗೆ ಬರುತ್ತೆ. ಅದನ್ನ ಆಡೋರು ಹೆಂಗಸರು. "ಅವಳು ಮಾಡಿದ ತಪ್ಪಾದ್ರೂ ಏನಪ್ಪಾ? ಅವಳಿಗೂ ಮೋಸ ಆಯ್ತಲ್ಲ" ಅಂತ. ಈ ಮಾತು ಬಂದ ಕೂಡಲೇ ಪಕ್ಕದೋರು ನಕ್ಕು ಬೇರೆ ಮಾತು ಎತ್ತುತ್ತಾರೆ. ನಮಗೆ ಈ ನಾಲ್ಕನೇ ಮಾತೇ ಮುಖ್ಯ ಅನ್ನಿಸ್ತು. ಆದರೆ ಅದಕ್ಕೆ ಮೊದಲು ಆ ಕುರುಬರ ಹುಡುಗನ ದಡ್ಡತನದ ಲೆಕ್ಕ ಚುಕ್ತಾ ಆಗಬೇಕು.

ಕೊಂಬೆ ಕಡಿಯೋ ದೃಶ್ಯಕ್ಕೆ ಎಲ್ಲರೂ ನಗ್ತಾರೆ. ನಾವು ಕೇಳ್ತೀವಿ, ಮರ ಹತ್ತಿ ಬದುಕೋ ಯಾವನು ಕೂತ ಕೊಂಬೆ ಕಡೀತಾನೆ? ನಮ್ಮ ಸೀಮೆಯ ಕಾಫಿ ತೋಟಗಳಲ್ಲಿ ಮರಗಸಿ ಮಾಡೋ ಆಳುಗಳನ್ನ ನೋಡಿ. ಎಷ್ಟೋ ಅಡಿ ಎತ್ತರದಲ್ಲಿ, ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ಯಾವ ಕೊಂಬೆ ಉಳಿಸಬೇಕು, ಯಾವುದನ್ನ ಕಡಿದರೆ ಗಿಡಕ್ಕೆ ಎಷ್ಟು ಬಿಸಿಲು ಬೀಳುತ್ತೆ, ಕಡಿದ ಕೊಂಬೆ ಕೆಳಗಿನ ಕಾಫಿ ಗಿಡದ ಮೇಲೆ ಬೀಳದ ಹಾಗೆ ಹೇಗೆ ಇಳಿಸಬೇಕು ಅಂತ ಅವರು ಲೆಕ್ಕ ಹಾಕ್ತಾರೆ. ಆ ಲೆಕ್ಕ ತಪ್ಪಿದರೆ ಹೋಗೋದು ಅವರ ಜೀವ. ಕುರಿಗೆ ಸೊಪ್ಪು ಕಡಿಯೋನಿಗೂ ಅದೇ ಲೆಕ್ಕ. ಕೂತ ಕೊಂಬೆ ಕಡಿಯೋ ದಡ್ಡನನ್ನ ಕಲ್ಪನೆ ಮಾಡಿದೋನು ಜೀವಮಾನದಲ್ಲಿ ಮರ ಹತ್ತಿದೋನಲ್ಲ. ನೆರಳಲ್ಲಿ ಕೂತು ಹಣ್ಣು ತಿಂದೋನು ಅವನು.

ಮುಂದಿನ ದೃಶ್ಯ ಇನ್ನೂ ಚೆನ್ನಾಗಿದೆ. ರಾಜಕುಮಾರಿ ಒಂದು ಬೆರಳು ತೋರಿಸ್ತಾಳೆ. ನನ್ನ ಒಂದು ಕಣ್ಣು ಕೀಳ್ತೀನಿ ಅಂತಾಳಲ್ಲ ಅಂದುಕೊಂಡು ಹುಡುಗ ಎರಡು ಬೆರಳು ತೋರಿಸ್ತಾನೆ, ನಿನ್ನ ಎರಡೂ ಕೀಳ್ತೀನಿ ಅಂತ. ಪಂಡಿತರು ಎದ್ದು ನಿಂತು, ಅವಳು ಬ್ರಹ್ಮ ಒಂದೇ ಅಂದಳು, ಇವರು ಪ್ರಕೃತಿ ಪುರುಷ ಎರಡು ಅಂದರು ಅಂತ ವ್ಯಾಖ್ಯಾನ ಕೊಡ್ತಾರೆ. ಅವಳು ಐದು ಬೆರಳು ಬಿಡಿಸಿ ಅಂಗೈ ತೋರಿಸ್ತಾಳೆ. ಕಪಾಳಕ್ಕೆ ಹೊಡೀತಾಳೆ ಅಂದುಕೊಂಡು ಇವನು ಮುಷ್ಟಿ ಹಿಡೀತಾನೆ. ಪಂಚಭೂತ ಸೇರಿ ದೇಹ ಆಯ್ತು ಅಂತ ಮತ್ತೆ ವ್ಯಾಖ್ಯಾನ. ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಆದರೆ ಯಾರನ್ನ ನೋಡಿ ನಗ್ತಾ ಇದ್ದೀವಿ ಅಂತ ಒಂದು ಗಳಿಗೆ ಯೋಚನೆ ಮಾಡಬೇಕು. ಹುಡುಗ ಹೇಳಿದ್ದರಲ್ಲಿ ಸುಳ್ಳೇ ಇಲ್ಲ. ಹೆದರಿಸಿದರು ಅಂದುಕೊಂಡ, ತಿರುಗಿ ಹೆದರಿಸಿದ. ಸುಳ್ಳು ಹೇಳಿದೋರು ವ್ಯಾಖ್ಯಾನಕಾರರು. ಅದೇ ಬೆರಳು, ಅದೇ ಮುಷ್ಟಿ. ಪೀತಾಂಬರ ಉಟ್ಟ ಕೈ ಎತ್ತಿದರೆ ವೇದಾಂತ, ಕಂಬಳಿ ಹೊದ್ದ ಕೈ ಎತ್ತಿದರೆ ದಡ್ಡತನ. ಶಾಸ್ತ್ರದ ಅರ್ಥ ಶಾಸ್ತ್ರದಲ್ಲಿ ಇರೋದಿಲ್ಲ, ಅರ್ಥ ಹೇಳೋ ಅಧಿಕಾರ ಯಾರ ಹತ್ತಿರ ಇದೆಯೋ ಅಲ್ಲಿರುತ್ತೆ ಅನ್ನೋದನ್ನ ಇಷ್ಟು ಸಲೀಸಾಗಿ ತೋರಿಸೋ ದೃಶ್ಯ ಇನ್ನೊಂದಿಲ್ಲ. ನಾಟಕ ತನಗೆ ಗೊತ್ತಿಲ್ಲದೇ ನಿಜ ಹೇಳಿಬಿಟ್ಟಿದೆ.

ಇದೆಲ್ಲ ನಿಜವಾಗಿ ನಡೀತಾ ಅಂತ ಕೆಲವರು ಕೇಳ್ತಾರೆ. ಕಾಳಿದಾಸನ ಬದುಕಿನ ಬಗ್ಗೆ ಅವನ ಕಾಲದ ದಾಖಲೆ ಒಂದೂ ಇಲ್ಲ. ನಾಲ್ಕು ಐದನೇ ಶತಮಾನದೋನು ಅಂತ ಹೆಚ್ಚಿನ ವಿದ್ವಾಂಸರ ಅಂದಾಜು. ಸುಮಾರು ಆ ಹೊತ್ತಿಗೇ ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಕನ್ನಡದ ಶಾಸನ ಕಲ್ಲಿನ ಮೇಲೆ ಬಂತು. ಅದರ ಕಾಲ ಸುಮಾರು 450 ಅಂತ ಹೇಳ್ತಾರೆ. ಕಾಳಿದಾಸನ ಹೆಸರು ನಮ್ಮ ನಾಡಿನ ಕಲ್ಲಿನಲ್ಲೂ ಇದೆ. ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಶಾಸನದಲ್ಲಿ ರವಿಕೀರ್ತಿ ಅನ್ನೋ ಕವಿ ತನ್ನನ್ನ ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದಾನೆ. ಅಲ್ಲಿ ಹೆಸರಿದೆ, ಕೀರ್ತಿ ಇದೆ. ಕುರಿ ಇಲ್ಲ, ಕೊಂಬೆ ಇಲ್ಲ, ಮದುವೆ ಇಲ್ಲ. ಟಿಬೆಟ್ಟಿನ ಬೌದ್ಧ ಲೇಖಕ ತಾರಾನಾಥ 1608ರಲ್ಲಿ ಬರೆದ ಪುಸ್ತಕದಲ್ಲಿ ಕೊಂಬೆ ಕಡಿಯೋ ದನಗಾಹಿ, ರಾಜಕುಮಾರಿ, ಕಾಳಿಯ ವರ ಎಲ್ಲಾ ಬರುತ್ತೆ. ಅಂದರೆ ಕವಿ ಸತ್ತು ಬಹಳ ಕಾಲ ಆದ ಮೇಲೆ ಜನ ಕಟ್ಟಿಕೊಂಡ ಕಥೆ ಇದು. ಕಟ್ಟಿದ ಕಥೆ ಅಂದ ಮೇಲೆ ಯಾಕೆ ಹೀಗೇ ಕಟ್ಟಿದರು ಅಂತ ಕೇಳೋ ಹಕ್ಕು ನೋಡೋರಿಗೆ ಇದೆ.

ಯಾಕೆ ಹೀಗೆ ಕಟ್ಟಿದರು? ನಮ್ಮ ಅಭಿಪ್ರಾಯ ಇಷ್ಟು. ಇಂಥ ದೊಡ್ಡ ಕವಿ ಕೆಳಗಿನ ಜನರಲ್ಲಿ ಹುಟ್ಟಿರಬಹುದು ಅನ್ನೋ ಮಾತನ್ನ ಜನ ಬಿಡಲಿಲ್ಲ. ಹುಟ್ಟಿದೋನು ಓದಿ, ಕಷ್ಟಪಟ್ಟು ಕವಿಯಾದ ಅಂತ ಒಪ್ಪೋಕೆ ಮೇಲಿನೋರಿಗೆ ಮನಸ್ಸು ಬರಲಿಲ್ಲ. ಎರಡೂ ಸೇರಿ ಒಂದು ರಾಜಿ ಆಯ್ತು. ಅವನು ಕುರುಬನೇ ಸರಿ, ಆದರೆ ದಡ್ಡ. ಕವಿಯಾದ, ಆದರೆ ತನ್ನ ಬುದ್ಧಿಯಿಂದಲ್ಲ, ದೇವಿಯ ದಯೆಯಿಂದ. ಸ್ವಂತ ದುಡಿಮೆಯಿಂದ ಕಲಿತೋರಿಗೆ ನಮ್ಮ ಪುರಾಣಗಳಲ್ಲಿ ಏನಾಯ್ತು ಅಂತ ಗೊತ್ತಲ್ಲ. ಏಕಲವ್ಯನ ಬೆರಳು ಹೋಯ್ತು. ಶಂಬೂಕನ ತಲೆ ಹೋಯ್ತು. ಕಾಳಿದಾಸ ಉಳಿದದ್ದು ನಾನು ಕಲಿತೆ ಅನ್ನದೇ ತಾಯಿ ಕೊಟ್ಟಳು ಅಂದಿದ್ದಕ್ಕೆ. ಕುರಿಗಾಹಿ ಸಮುದಾಯದ ಬಂಧುಗಳು ಕಾಳಿದಾಸ ನಮ್ಮೋನು ಅಂತ ಹೆಮ್ಮೆ ಪಡ್ತಾರೆ. ಪಡಲಿ, ನಮಗೂ ಸಂತೋಷ. ಆದರೆ ಅವನ ಜೊತೆಗೆ ಆ ಕೊಂಬೆಯ ಕಥೆಯನ್ನೂ ಹೊತ್ತುಕೊಂಡು ತಿರುಗೋದು ಬೇಡ ಅನ್ನೋದು ನಮ್ಮ ಮಾತು.

ಆ ಕಾಳಿದಾಸನ ವೇಷ ಹಾಕಿದ ರಾಜ್‌ಕುಮಾರ್ ಅವರನ್ನೇ ನೋಡಿ. ಎಳವೆಯಲ್ಲೇ ಶಾಲೆ ಬಿಟ್ಟೋರು. ತಂದೆ ಪುಟ್ಟಸ್ವಾಮಯ್ಯನವರ ಕೈಕೆಳಗೆ, ನಾಟಕದ ಕಂಪನಿಯಲ್ಲಿ, ದಿನಾ ರಾತ್ರಿ ಮಾತು ಉರು ಹೊಡೆದು, ಹಾಡು ಕಲಿತು ಅಂಥ ಕನ್ನಡ ಗಳಿಸಿದರು. ಅವರ ನಾಲಗೆ ಮೇಲೆ ಬರೆದದ್ದು ಯಾವ ದೇವಿಯೂ ಅಲ್ಲ, ಅವರ ಬೆವರು. ನಮ್ಮ ಕೇರಿಯಲ್ಲಿ ಮೊದಲು ಅಕ್ಷರ ಕಲಿತೋರ ಕಥೆಯೂ ಅದೇ. ಬುಡ್ಡಿ ದೀಪ, ಹಾಸ್ಟೆಲಿನ ಊಟ, ಹರಿದ ಪುಸ್ತಕ. ವರ ಕೊಟ್ಟೋರು ಯಾರೂ ಇರಲಿಲ್ಲ.

ಹಳೇಬೀಡಿನ ನೆನಪೂ ಇಲ್ಲಿ ಬರುತ್ತೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ಜನ್ನ ಸುಮಾರು 1209ರಲ್ಲಿ 'ಯಶೋಧರ ಚರಿತೆ' ಬರೆದ. ಅಲ್ಲಿ ರಾಣಿ ಅಮೃತಮತಿ ಒಬ್ಬ ಮಾವುತನ ಹಾಡಿಗೆ ಮನಸೋಲ್ತಾಳೆ. ಹಾಡು ಚೆಂದ ಅಂದ ಮೇಲೆ ಹಾಡಿದೋನೂ ಮನುಷ್ಯ ಅನ್ನಬೇಕಲ್ಲ. ಇಲ್ಲ. ಅವನು ಅಷ್ಟಾವಂಕ, ಮೈಯೆಲ್ಲ ಸೊಟ್ಟ, ಹೊಲಸು. ಅರಮನೆಯ ಅಂತಃಪುರಕ್ಕೆ ಕೆಳಗಿನ ಗಂಡಸು ಕಾಲಿಟ್ಟರೆ ಅವನು ವಿಕಾರವಾಗಿರಬೇಕು, ಇಲ್ಲವೇ ದಡ್ಡನಾಗಿರಬೇಕು. ಅವನನ್ನ ಒಳಗೆ ಬಿಟ್ಟ ಹೆಂಗಸು ಕೆಟ್ಟೋಳಾಗಿರಬೇಕು, ಇಲ್ಲವೇ ಕೊಬ್ಬಿದೋಳಾಗಿರಬೇಕು. ಜನ್ನನ ಕಾವ್ಯ ಬೇರೆ, ಕಾಳಿದಾಸನ ನಾಟಕ ಬೇರೆ. ಮದುವೆಯ ಕಾನೂನು ಮಾತ್ರ ಒಂದೇ.

ಈಗ ಹೆಂಗಸಿನ ವಿಚಾರ.

ರಾಜಕುಮಾರಿ ಗಂಡನನ್ನ ಹೊರಗೆ ದಬ್ಬೋ ದೃಶ್ಯದಲ್ಲಿ ಜನ ಹಲ್ಲು ಕಡೀತಾರೆ. ಆಮೇಲೆ ಅವಳು ಅಳ್ತಾ ಅಲೆಯೋ ದೃಶ್ಯದಲ್ಲಿ ಚಪ್ಪಾಳೆ. ಗಂಡನ ನೋವಿಗೆ ಹಾರ್ಮೋನಿಯಂ, ಹಾಡು, ಒನ್ಸ್ ಮೋರ್. ಹೆಂಡತಿಯ ನೋವಿಗೆ "ಆಗಲಿ ಬುಡು" ಅನ್ನೋ ಮಾತು. ನಾವು ಕೇಳ್ತೀವಿ, ಈ ಮದುವೆ ಕೆಡಿಸಿದೋರು ಯಾರು? ಹುಡುಗನೂ ಅಲ್ಲ, ಹುಡುಗಿಯೂ ಅಲ್ಲ. ಅವನನ್ನ ಬೊಂಬೆ ಮಾಡಿ ಕುಣಿಸಿದರು, ಅವಳ ಕಣ್ಣಿಗೆ ಮಣ್ಣೆರಚಿದರು. ಹೆಣ್ಣೊಬ್ಬಳು ಓದಿ ವಾದದಲ್ಲಿ ಗೆದ್ದಳು ಅನ್ನೋ ಹೊಟ್ಟೆಕಿಚ್ಚಿಗೆ ಕೆಳಗಿನ ಜಾತಿಯ ಹುಡುಗನನ್ನ ಆಯುಧ ಮಾಡಿಕೊಂಡರು. ಅವಳಿಗೆ ಶಿಕ್ಷೆ ಏನಪ್ಪಾ ಅಂದರೆ ಕುರುಬನ ಜೊತೆ ಬಾಳೋದು. ಅಂದರೆ ನಮ್ಮಂಥೋರ ಜೊತೆ ಬಾಳೋದೇ ಒಂದು ಶಿಕ್ಷೆ! ಈ ಅವಮಾನ ನಮಗೆ ಆಗಿದ್ದು. ಇದಕ್ಕೆ ನಮ್ಮವರೇ ಚಪ್ಪಾಳೆ ಹೊಡೀತಾರೆ.

ಆ ಪಂಡಿತರು, ಆ ಮಂತ್ರಿ ಎಲ್ಲಿ ಹೋದರು? ಮದುವೆ ದೃಶ್ಯ ಮುಗಿದ ಮೇಲೆ ಅವರ ಪತ್ತೆಯೇ ಇರೋದಿಲ್ಲ. ಯಾರೂ ಅವರನ್ನ ಹಿಡಿದು ಕೇಳೋದಿಲ್ಲ. ಮಿಕ್ಕ ನಾಟಕವೆಲ್ಲ ಗಂಡ ಹೆಂಡಿರ ಜಗಳ. ಮೇಲಿನೋರು ಕೆಳಗಿನ ಇಬ್ಬರಿಗೆ ತಂದಿಟ್ಟು ತಾವು ಸೈಡ್ ವಿಂಗಿನಲ್ಲಿ ನಿಂತು ನಗೋದು ನಮ್ಮ ಊರುಗಳಲ್ಲೂ ನಡೆಯೋ ವಿದ್ಯೆ. ಪ್ರೇಕ್ಷಕರ ಸಿಟ್ಟೆಲ್ಲ ರಾಜಕುಮಾರಿಯ ಮೇಲೆ ಬಿದ್ದಾಗ ಆ ಪಂಡಿತರು ಎರಡನೇ ಸಲ ಗೆದ್ದ ಹಾಗೆ.

ಇನ್ನು ಎರಡನೇ ಬಗೆಯೋರ ಮಾತು. ಹೆಂಡತಿಯೇ ಗುರು ಅಂತಾರಲ್ಲ, ಅವರು. ಆಮೇಲೆ ಒಂದು ದಿನ ಅವಳು ಅವನನ್ನ ಮೂರು ಪದದಲ್ಲಿ ಪ್ರಶ್ನೆ ಕೇಳಿದಳು, ಆ ಒಂದೊಂದು ಪದವನ್ನ ಹಿಡಿದು ಅವನು ಕುಮಾರಸಂಭವ, ಮೇಘದೂತ, ರಘುವಂಶ ಶುರು ಮಾಡಿದ ಅಂತ ಕಥೆ. ಕೇಳೋಕೆ ಚೆನ್ನಾಗಿದೆ. ಆದರೆ ಒಂದು ಸಾದಾ ಪ್ರಶ್ನೆ. ಆ ಹೆಣ್ಣು ಅಷ್ಟು ಓದಿದೋಳು. ಗಂಡನಿಗೆ ಅಕ್ಷರ ಬರೋದಿಲ್ಲ ಅಂತ ಗೊತ್ತಾದ ರಾತ್ರಿ, ಕೂರಿಸಿ ಅ ಆ ಇ ಈ ಹೇಳಿಕೊಡಬಹುದಿತ್ತಲ್ಲ? ಕಥೆ ಕಟ್ಟಿದೋನ ತಲೆಗೆ ಅದು ಯಾಕೆ ಹೊಳೀಲಿಲ್ಲ? ಹೊಳೀಲಿಲ್ಲ, ಯಾಕಂದ್ರೆ ಅವನ ಲೋಕದಲ್ಲಿ ಅಕ್ಷರ ಅನ್ನೋದು ಕಲಿಸೋ ವಸ್ತು ಅಲ್ಲ, ಬಚ್ಚಿಡೋ ವಸ್ತು.

ಕಲಿಸಿದೋರು ನಿಜವಾದ ಚರಿತ್ರೆಯಲ್ಲಿ ಇದಾರೆ. ಪುಣೆಯ ಜೋತಿಬಾ ಫುಲೆ ಮಾಲಿ ಜಾತಿಯೋರು. 1840ರಲ್ಲಿ ಮದುವೆ. ಹೆಣ್ಣಿಗೆ ಒಂಬತ್ತು ವರ್ಷ, ಗಂಡಿಗೆ ಹದಿಮೂರು. ಹೆಂಡತಿಗೆ ಅಕ್ಷರ ಬರ್ತಾ ಇರಲಿಲ್ಲ. ಅವಳನ್ನ ದಡ್ಡಿ ಅಂತ ಹೊರಗೆ ಹಾಕಲಿಲ್ಲ, ಕೂರಿಸಿ ಕಲಿಸಿದರು. 1848ರಲ್ಲಿ ಇಬ್ಬರೂ ಸೇರಿ ಹೆಣ್ಣುಮಕ್ಕಳ ಶಾಲೆ ತೆರೆದರು. ದಾರೀಲಿ ಜನ ಸಗಣಿ ಎಸೆದರು, ಮನೆಯಿಂದಲೂ ಹೊರಗೆ ಹೋಗಬೇಕಾಯ್ತು. 1854ರಲ್ಲಿ ಸಾವಿತ್ರಿಬಾಯಿಯವರ ಕವನಗಳ ಪುಸ್ತಕ 'ಕಾವ್ಯಫುಲೆ' ಬಂತು. ಇದೂ ಕವಿಯ ಸಂಸಾರವೇ. ಇಲ್ಲಿ ಕವಿ ಹೆಂಡತಿ. ಕಷ್ಟ ಬಂದದ್ದು ಹೊರಗಿನಿಂದ, ಒಳಗಿನಿಂದಲ್ಲ.

ಅದಕ್ಕೂ ಹಿಂದೆ ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇದ್ದರು. ಬಿದ್ದ ಅಕ್ಕಿ ಆಯ್ದು ತಂದು ಬದುಕೋ ಬಡವರು. ಗಂಡ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ನಮಗೆ ಇಷ್ಟು ಆಸೆ ಯಾಕೆ, ಹೆಚ್ಚಿಗೆದನ್ನ ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ಕಳಿಸಿದಳು. ಅವನು ಹೋಗಿ ಸುರಿದು ಬಂದ. ಹೆಂಡತಿ ಗಂಡನನ್ನ ತಿದ್ದಿದಳು, ಗಂಡನ ಮಾನ ಹೋಗಲಿಲ್ಲ. ಇಬ್ಬರೂ ವಚನ ಬರೆದರು. ಲಕ್ಕಮ್ಮನ ಅಂಕಿತದಲ್ಲಿ ಗಂಡನ ಹೆಸರೂ ಸೇರಿದೆ. ಹೆಂಡತಿಯೇ ಗುರು ಅನ್ನೋ ಮಾತಿಗೆ ಅರ್ಥ ಬೇಕಿದ್ರೆ ಇಲ್ಲಿ ಹುಡುಕಬೇಕು, ಅರಮನೆ ಬಾಗಿಲಲ್ಲಿ ಅಲ್ಲ.

ಕಾಳಿದಾಸನ ಹೆಸರಲ್ಲಿ ನಿಜವಾಗಿ ಉಳಿದಿರೋದು ಅವನ ಬರಹ. ಅವನ ಶಾಕುಂತಲ ಕನ್ನಡಕ್ಕೆ ಬಂದು ನಮ್ಮ ರಂಗಭೂಮಿಗೆ ದೊಡ್ಡ ದಾರಿ ಆಯ್ತು. ಮೈಸೂರು ಅರಮನೆಯ ಬಸವಪ್ಪ ಶಾಸ್ತ್ರಿಗಳು ಅದನ್ನ ಕನ್ನಡಕ್ಕೆ ತಂದು ಅಭಿನವ ಕಾಳಿದಾಸ ಅನ್ನಿಸಿಕೊಂಡರು. ಆ ನಾಟಕದಲ್ಲೂ ಗಂಡ ಹೆಂಡತಿಯನ್ನ ಮರೀತಾನೆ. ಮಹಾಭಾರತದಲ್ಲಿ ದುಷ್ಯಂತ ಗೊತ್ತಿದ್ದೂ ನೀನು ಯಾರೋ ಅಂದ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುರ್ವಾಸನ ಶಾಪ, ಕಳೆದ ಉಂಗುರ ಎರಡನ್ನೂ ತಂದು ರಾಜನನ್ನ ನಿರಪರಾಧಿ ಮಾಡಿದೋನು ಕಾಳಿದಾಸ. ಗಂಡಸಿನ ಮರೆವಿಗೆ ಎಷ್ಟು ಚೆನ್ನಾದ ನೆಪ! ಆ ಉಂಗುರ ಮೀನಿನ ಹೊಟ್ಟೇಲಿ ಸಿಕ್ಕಾಗ ಬೆಸ್ತನನ್ನ ಕಾವಲುಗಾರರು ಕೈಕಟ್ಟಿ ಹೊಡೀತಾರೆ, ಅವನ ಕಸುಬನ್ನ ಹಂಗಿಸ್ತಾರೆ. ಇನಾಮು ಸಿಕ್ಕ ಕೂಡಲೇ ಅದರಲ್ಲೇ ಪಾಲು ತಗೊಂಡು ಅವನ ಜೊತೆ ಹೆಂಡದಂಗಡಿಗೆ ನಡೀತಾರೆ. ಪೊಲೀಸರ ಈ ಚಿತ್ರ ಬರೆದೋನಿಗೆ ಜನರ ಬದುಕು ಗೊತ್ತಿತ್ತು ಅಂತ ನಾವು ಒಪ್ತೀವಿ. ಆದರೆ ಆ ನಾಟಕದಲ್ಲಿ ಸಂಸ್ಕೃತ ಮಾತಾಡೋದು ರಾಜ, ಋಷಿ. ಶಕುಂತಲೆ, ಬೆಸ್ತ, ಕಾವಲುಗಾರರಿಗೆ ಪ್ರಾಕೃತ. ನಾಟಕದ ಕಟ್ಟಳೆಯೇ ಅದು. ಕಥೆಯ ಕಾಳಿದಾಸ ಭಾಷೆ ಬಾರದೇ ಅರಮನೆಯಿಂದ ಹೊರಗೆ ಬಿದ್ದೋನು. ಗ್ರಂಥದ ಕಾಳಿದಾಸ ಬರೆದ ರಂಗದ ಮೇಲೆ ಹೆಂಗಸಿಗೂ ಬೆಸ್ತನಿಗೂ ಆ ಭಾಷೆ ಸಿಗೋದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮನಸ್ಸಿಗೆ ಕಸಿವಿಸಿ ಆಗುತ್ತೆ.

ಹಿಂದಿಯ ಮೋಹನ್ ರಾಕೇಶ್ 1958ರಲ್ಲಿ ಕಾಳಿದಾಸನ ಮೇಲೆ ಇನ್ನೊಂದು ನಾಟಕ ಬರೆದರು. 'ಆಷಾಢದ ಒಂದು ದಿನ' ಅಂತ ಕನ್ನಡಕ್ಕೂ ಬಂದಿದೆ. ಅಲ್ಲಿ ವರವೂ ಇಲ್ಲ, ಕಾಳಿಯೂ ಇಲ್ಲ. ಹಳ್ಳಿಯ ಹುಡುಗಿ ಮಲ್ಲಿಕಾ ಕವಿಯನ್ನ ತಾನೇ ಒತ್ತಾಯ ಮಾಡಿ ಉಜ್ಜಯಿನಿಗೆ ಕಳಿಸ್ತಾಳೆ. ಅವನು ಅಲ್ಲಿ ರಾಜಮನೆತನದ ಹೆಣ್ಣನ್ನ ಮದುವೆ ಆಗ್ತಾನೆ, ಅಧಿಕಾರ ಹಿಡೀತಾನೆ. ಇವಳು ಮಳೆ ಸೋರೋ ಮನೇಲಿ ಬಡತನದಲ್ಲಿ ಬೀಳ್ತಾಳೆ. ಅವನು ತಿರುಗಿ ಬರೋ ಹೊತ್ತಿಗೆ ಕಾಲ ಮೀರಿ ಹೋಗಿರುತ್ತೆ. ಈ ನಾಟಕವನ್ನ ಹಳ್ಳಿಯ ಹೆಂಗಸರ ಮುಂದೆ ಆಡಿದರೆ ಯಾರೂ "ತಕ್ಕ ಶಾಸ್ತಿ" ಅನ್ನೋದಿಲ್ಲ ಅಂತ ನಮ್ಮ ನಂಬಿಕೆ. ಮಲ್ಲಿಕಾಳನ್ನ ಅವರು ದಿನಾ ನೋಡ್ತಾರೆ.

ಇಲ್ಲಿ ನಮ್ಮ ಕೇರಿಯ ಮಾತನ್ನೂ ಆಡಬೇಕು. ಊರವರನ್ನ ಬೈದು ಸುಮ್ಮನಾದರೆ ಸಾಲದು. ಹುಡುಗನಿಗೆ ಎಳವೆಯಲ್ಲೇ ಅಕ್ಕನ ಮಗಳನ್ನೋ, ಮಾವನ ಮಗಳನ್ನೋ ಕಟ್ಟಿರ್ತಾರೆ. ಅವಳು ತೋಟದಲ್ಲಿ ಹಣ್ಣು ಕುಯ್ದು, ಕಳೆ ಕಿತ್ತು ಗಂಡನ ಓದಿಗೆ ದುಡ್ಡು ಕಳಿಸ್ತಾಳೆ. ಅವನಿಗೆ ಹಾಸನದಲ್ಲೋ ಬೆಂಗಳೂರಲ್ಲೋ ನೌಕರಿ ಸಿಗುತ್ತೆ. ಆಮೇಲೆ ಅವಳ ಮಾತು ಅವನಿಗೆ ಒರಟು, ಸೀರೆ ಉಡೋದು ಒರಟು, ನಾಲ್ಕು ಜನರ ಮುಂದೆ ಕರ್ಕೊಂಡು ಹೋಗೋಕೆ ನಾಚಿಕೆ. ಹಬ್ಬಕ್ಕೆ ಬರೋದು ನಿಲ್ಲುತ್ತೆ. ವರ ಸಿಕ್ಕಿತು, ಮರೆವು ಬಂತು! ಹಟ್ಟಿಯಲ್ಲಿ ಕಾಯೋಳು ಕಾಯ್ತಾ ಇರ್ತಾಳೆ. ಎಲ್ಲರೂ ಹೀಗೆ ಅಂತ ನಾವು ಹೇಳ್ತಾ ಇಲ್ಲ. ಹೆಂಡತಿಯನ್ನ ಜೊತೇಲಿ ಕರ್ಕೊಂಡು ಹೋಗಿ, ಅವಳಿಗೂ ಓದು ಕಲಿಸಿ, ಇಬ್ಬರೂ ಸೇರಿ ಮಕ್ಕಳನ್ನ ಮುಂದಕ್ಕೆ ತಂದೋರು ನಮ್ಮಲ್ಲಿ ಇದಾರೆ. ಅವರ ಹೆಸರು ಯಾವ ನಾಟಕದಲ್ಲೂ ಬರೋದಿಲ್ಲ. ಮರೆತೋರಿಗೆ ನಾವು ಹೇಳೋದು ಇಷ್ಟೇ. ಗುಡಿ ಬಾಗಿಲು, ಹೋಟೆಲ್ ಬಾಗಿಲು ನಮಗೆ ಮುಚ್ಚಿದರು ಅಂತ ಸಭೆಯಲ್ಲಿ ಮಾತಾಡಿ ಬಂದು, ಕಟ್ಟಿಕೊಂಡೋಳಿಗೆ ಮನೆ ಬಾಗಿಲು ಮುಚ್ಚಿದರೆ ಆ ಮಾತಿಗೆ ಬೆಲೆ ಏನು?

ರಂಗದ ಮೇಲಿನ ರಾಜಕುಮಾರಿ ಯಾರು ಅಂತಲೂ ಕೇಳಬೇಕು. ಊರಿನ ಗಂಡಸರು ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ ವೇಷ ಹಾಕ್ತಾರೆ. ಹೆಂಗಸಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನ ಕರೆಸ್ತಾರೆ. ಅವರು ರಾತ್ರಿ ಬಸ್ಸಿಳಿದು, ಗೊತ್ತಿಲ್ಲದ ಊರಲ್ಲಿ, ಸೀನರಿ ಪರದೆ ಹಿಂದೆ ಸೀರೆ ಉಟ್ಟು, ಮುನ್ನೋಡದ ಗಂಡಸರ ಎದುರು ಹೆಂಡತಿ ಪಾತ್ರ ಮಾಡಿ, ಬೆಳಗಿನ ಬಸ್ಸಿಗೆ ಹೋಗ್ತಾರೆ. ಅವರಲ್ಲಿ ಹೆಚ್ಚಿನೋರು ಬಡವರ ಮನೆ ಹೆಣ್ಣುಮಕ್ಕಳು. ಆ ದುಡ್ಡಲ್ಲಿ ಮನೆ ನಡೀಬೇಕು, ಮಕ್ಕಳ ಫೀಜು ಕಟ್ಟಬೇಕು. ಅವರು ಹಾಡುವಾಗ ಸಿಳ್ಳೆ ಹೊಡೆಯೋರು, ನೋಟು ಸಿಕ್ಕಿಸೋ ನೆಪದಲ್ಲಿ ಮೈ ಮುಟ್ಟೋರು, ಹಲ್ಕಾ ಮಾತಾಡೋರು ಎಲ್ಲಾ ಜಾತಿಯಲ್ಲೂ ಇದಾರೆ, ನಮ್ಮ ಹುಡುಗರಲ್ಲೂ ಇದಾರೆ. ಕಥೆಯ ರಾಜಕುಮಾರಿಯ ಕೊಬ್ಬಿನ ಬಗ್ಗೆ ತೀರ್ಪು ಕೊಡೋಕೆ ಮೊದಲು, ಎದುರಿಗೆ ನಿಂತು ದುಡಿಯೋ ಹೆಣ್ಣಿಗೆ ಮರ್ಯಾದೆ ಕೊಡೋದನ್ನ ಕಲೀಬೇಕು.

ಹಾಗಾದ್ರೆ ಈ ನಾಟಕ ಆಡಬಾರದಾ ಅಂತ ಕೆಲವರು ಕೇಳಬಹುದು. ಆಡಬೇಕು. ನಾಟಕ ನಿಲ್ಲಿಸಿ, ಪುಸ್ತಕ ಸುಡಿ ಅನ್ನೋದು ನಮ್ಮ ದಾರಿ ಅಲ್ಲ. ಕಥೆ ತಿರುಗಿಸಿ ಹೇಳೋ ದಾರಿ ನಮ್ಮ ಕನ್ನಡದಲ್ಲೇ ಇದೆ. ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ಬರೆದರು. ಶಂಬೂಕನನ್ನ ಕೊಲ್ಲೋಕೆ ಬಿಟ್ಟ ಅಸ್ತ್ರ ಅಲ್ಲಿ ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತೆ. ಪುರಾಣವನ್ನ ಹೀಗೆ ಬದಲಾಯಿಸಬಹುದೇ ಅಂತ ಮಾಸ್ತಿಯವರಂಥ ಹಿರಿಯರು ಆಕ್ಷೇಪ ಎತ್ತಿದರು. ನಾಟಕ ಉಳಿಯಿತು. ನಮ್ಮ ಸಿದ್ಧಲಿಂಗಯ್ಯನವರು ಏಕಲವ್ಯನನ್ನ ಹೊಸದಾಗಿ ರಂಗಕ್ಕೆ ತಂದರು. ಕಾಳಿದಾಸನ ಕಥೆಯಂತೂ ಪುರಾಣವೂ ಅಲ್ಲ, ಬಾಯಿಂದ ಬಾಯಿಗೆ ಬಂದದ್ದು. ಬಾಯಿಂದ ಬಂದದ್ದನ್ನ ಬಾಯಿಂದಲೇ ತಿದ್ದಬಹುದು.

ನಮ್ಮ ಕಡೆಯಿಂದ ಊರೂರಿನ ನಾಟಕ ಮಂಡಳಿಗಳಿಗೆ, ಡ್ರಾಮಾ ಮೇಷ್ಟ್ರುಗಳಿಗೆ ನಾಲ್ಕು ಮಾತು. ಒಂದು, ಕೊಂಬೆ ಕಡಿಯೋ ದೃಶ್ಯ ತೆಗೀರಿ, ಇಲ್ಲವೇ ಅವನು ಯಾಕೆ ಕಡೀತಾ ಇದ್ದ ಅಂತ ಅವನ ಬಾಯಲ್ಲೇ ಹೇಳಿಸಿ. ಎರಡು, ಆ ಪಂಡಿತರನ್ನೂ ಮಂತ್ರಿಯನ್ನೂ ಕಡೇ ದೃಶ್ಯಕ್ಕೆ ತಿರುಗಿ ಕರ್ಕೊಂಡು ಬನ್ನಿ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನಿಂತು ಅವರನ್ನ ಪ್ರಶ್ನೆ ಮಾಡಲಿ. ಮೂರು, ನಾಲಗೆ ಮೇಲೆ ಬರೆಯೋ ಕಾಳಿಯ ಜಾಗದಲ್ಲಿ ಅಕ್ಷರ ಕಲಿಸೋ ಯಾರಾದರೂ ಬರಲಿ. ಅದು ಆ ಹೆಂಡತಿಯೇ ಆದರೆ ಇನ್ನೂ ಚೆನ್ನ. ನಾಲ್ಕು, ಹೊರಗಿನಿಂದ ಬರೋ ಕಲಾವಿದೆಯರಿಗೆ ಬಾಗಿಲಿರೋ ಒಂದು ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಒಪ್ಪಿದ ಸಂಭಾವನೆ ಪೂರ್ತಿ, ಮೈ ಮುಟ್ಟಿದೋನನ್ನ ಅಲ್ಲೇ ಎಬ್ಬಿಸಿ ಕಳಿಸೋ ಧೈರ್ಯ, ಇಷ್ಟು ಕೊಡಿ.

ನೋಡೋರಿಗೂ ಒಂದು ಮಾತು. ನಾಟಕ ಮುಗಿದ ಮೇಲೆ ಗಂಡಸರು ಟೀ ಅಂಗಡಿಯಲ್ಲಿ ಆಡೋ ಅಭಿಪ್ರಾಯ ಊರಿನ ಅಭಿಪ್ರಾಯ ಆಗಿಬಿಡುತ್ತೆ. ಹೆಂಗಸರ ಅಭಿಪ್ರಾಯ ನಲ್ಲಿ ಹತ್ತಿರವೇ ಉಳಿಯುತ್ತೆ. ಇನ್ನು ಮುಂದೆ ನಮ್ಮ ಕೇರಿಗಳಲ್ಲಾದರೂ ನಾಟಕದ ಮಾರನೇ ದಿನ ಒಂದು ಗಂಟೆ ಕೂತು ಮಾತಾಡೋಣ. ಮೊದಲು ಹೆಂಗಸರು ಮಾತಾಡಲಿ. ನಾಲ್ಕನೇ ಮಾತು ಮೊದಲನೇ ಮಾತಾಗಲಿ. "ಅವಳು ಮಾಡಿದ ತಪ್ಪಾದ್ರೂ ಏನು?" ಅಂತ ಕೇಳಿದೋಳಿಗೆ ಉತ್ತರ ಕೊಡೋ ತನಕ ಯಾರೂ ನಗೋದು ಬೇಡ, ಎದ್ದು ಹೋಗೋದೂ ಬ��ಡ.